ಹೊಸ್ತಿಲು ದಾಟಿದ ಹುಚ್ಚಪ್ಯಾಲಿ

ಹೊಲಿಗೆ ಯಂತ್ರದ ಎಣ್ಣೆಗೆ ಒಂದು ವಾಸನೆಯಿದೆ. ಅಡುಗೆ ಎಣ್ಣೆಯ ಹಾಗೆ ಅದು ಹಸಿವು ಹುಟ್ಟಿಸುವುದಿಲ್ಲ, ಸೀಮೆಎಣ್ಣೆಯ ಹಾಗೆ ತಲೆಗೂ ಏರುವುದಿಲ್ಲ, ಮೂಗಿನ ಹತ್ತಿರ ಬಂದು ಸುಮ್ಮನೆ ನಿಲ್ಲುತ್ತದೆ. ಅದಕ್ಕೆ ಹೊಸ ಜೀನ್ಸ್ ಬಟ್ಟೆಯ ಗಂಜಿ, ಕಾದ ಇಸ್ತ್ರಿಪೆಟ್ಟಿಗೆ, ಪಕ್ಕದ ಅಂಗಡಿಯ ಚಹಾ ಎಲ್ಲ ಸೇರಿದರೆ ನಮ್ಮ ಬಳ್ಳಾರಿಯ ಕೌಲ್ ಬಜಾರ್ ಆಗುತ್ತದೆ. ಹೋದ ತಿಂಗಳು ಕಿಟಕಿಯ ಪರದೆಗಳನ್ನು ಗಿಡ್ಡ ಮಾಡಿಸಲು ಮಹಬೂಬನ ಟೈಲರ್ ಅಂಗಡಿಗೆ ಹೋಗಿದ್ದೆ. ಅವನು ಯಂತ್ರದ ತಲೆಯನ್ನು ಹಿಂದಕ್ಕೆ ಮಲಗಿಸಿ, ಉದ್ದ ಮೂಗಿನ ಸಣ್ಣ ಡಬ್ಬಿಯಿಂದ ಟಿಕ್ ಟಿಕ್ ಎಂದು ಎರಡು ಹನಿ ಎಣ್ಣೆ ಬಿಟ್ಟ. ಅಷ್ಟೇ. ನನ್ನ ಕಣ್ಣು ತುಂಬಿಬಂತು. ಐವತ್ತೇಳು ವರ್ಷದ ಹೆಂಗಸು, ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳು, ಪರದೆ ಗಿಡ್ಡ ಮಾಡಿಸಲು ಹೋಗಿ ಟೈಲರ್ ಅಂಗಡಿಯಲ್ಲಿ ಅಳುವುದೆಂದರೆ! ಮಹಬೂಬ ನೋಡಿಯೂ ನೋಡದವನ ಹಾಗೆ ದಾರ ಪೋಣಿಸುತ್ತ, "ಭದ್ರಪ್ಪ ಮಾಮಾರ ಪೆಟ್ಟಿಗಿ ಏನ್ ಮಾಡಿದ್ರಿ ಅಕ್ಕಾ?" ಎಂದು ಕೇಳಿದ. ಅಟ್ಟದ ಮೇಲೆ ಇದೆ ಎಂದೆ. "ವರ್ಷ ಆತಲ್ರಿ. ಇನ್ನೂ ತಗದಿಲ್ಲೇನು?" ಎಂದ. ಇಲ್ಲ ಎಂದು ತಲೆಯಾಡಿಸಿ ಹೊರಗೆ ಬಂದು ಆಟೋ ಹತ್ತಿದೆ.

ಭದ್ರಪ್ಪ ಎಂದರೆ ನನ್ನ ಸಣ್ಣಪ್ಪ, ಅಪ್ಪನ ತಮ್ಮ, ವೀರಭದ್ರಪ್ಪ. ಕೌಲ್ ಬಜಾರಿನಲ್ಲಿ ಐವತ್ತು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿದವನು. ಹೋದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೇ ತೀರಿಕೊಂಡ. ಸಾಯುವ ಮೊದಲು ತನ್ನ ಸಾಮಾನಿನ ಪೆಟ್ಟಿಗೆಯನ್ನು ನನ್ನ ಕೈಲಿಟ್ಟು, "ಇದನ್ನ ನೀನೇ ತಗೀಬೇಕು ಪಾರಿ. ಬ್ಯಾರೇರ ಕೈಗೆ ಕೊಡಬ್ಯಾಡ" ಎಂದು ಆಣೆ ಮಾಡಿಸಿಕೊಂಡಿದ್ದ. ನಾನು ತೆಗೆದಿರಲಿಲ್ಲ. ಒಳಗೆ ಏನಿರುತ್ತದೆಂದು ಗೊತ್ತಿತ್ತು: ತಿರುಗುಳಿ, ಸೂಜಿ, ಸವೆದ ಬೆಲ್ಟು, ಎಣ್ಣೆಯ ಡಬ್ಬಿ. ಗೊತ್ತಿದ್ದುದೇ ಕಷ್ಟವಾಗಿತ್ತು. ಆಟೋ ಮೋತಿ ವೃತ್ತ ದಾಟಿ ಬಿಸಿಲಲ್ಲಿ ನಿಂತಾಗ, ಎಷ್ಟೋ ವರ್ಷಗಳಿಂದ ನಮ್ಮ ಮನೆಯ ಹೊರಗೆ ಯಾರ ಬಾಯಲ್ಲೂ ಕೇಳದ ಒಂದು ಮಾತು ನನ್ನ ನಾಲಿಗೆಯ ತುದಿಗೆ ಬಂದು ಕೂತಿತು. ಹುಚ್ಚಪ್ಯಾಲಿ.

ನಮ್ಮ ಕಡೆ ಹುಟ್ಟಿ ಐವತ್ತು ದಾಟಿದವರಿಗೆ ಈ ಮಾತಿನ ಅರ್ಥ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವುದು ಸುಲಭವಲ್ಲ. ನಾನು ಲೆಕ್ಕದವಳು, ಪದಗಳ ಗೊಡವೆ ನನಗೆ ಕಡಿಮೆ, ಆದರೂ ಪ್ರಯತ್ನಿಸುತ್ತೇನೆ. ಕಾರಣವಿಲ್ಲದೆ ಹಲ್ಲು ಕಿಸಿಯುವವನು, ಮೀಸೆ ಬಂದರೂ ಹುಡುಗಾಟ ಬಿಡದವನು, ಬೇಡದ ಕೆಲಸ ಮಾಡಿ ತಾನೂ ನಕ್ಕು ಊರನ್ನೂ ನಗಿಸುವವನು ಹುಚ್ಚಪ್ಯಾಲಿ. ಅವನು ಮಾಡುವುದು ಪ್ಯಾಲಿತನ. ಪೆದ್ದ ಎಂದರೆ ಸರಿಹೋಗುವುದಿಲ್ಲ. ಪೆದ್ದನಿಗೆ ತಾನು ಪೆದ್ದನೆಂದು ಗೊತ್ತಿರುವುದಿಲ್ಲ, ಪ್ಯಾಲಿಗೆ ಗೊತ್ತಿರುತ್ತದೆ, ಗೊತ್ತಿದ್ದೇ ಮಾಡುತ್ತಾನೆ. ಮೊನ್ನೆ ಹತ್ತನೇ ತರಗತಿಯಲ್ಲಿ ಈ ಮಾತು ಕೇಳಿದ್ದೀರಾ ಎಂದು ವಿಚಾರಿಸಿದೆ. ಐವತ್ತು ಮಕ್ಕಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹಿಂದಿನ ಬೆಂಚಿನವನೊಬ್ಬ, "ಹೊಸಾ ಆ್ಯಪ್ ಏನ್ರೀ ಟೀಚರ್?" ಎಂದ. ಅವನನ್ನು ಕರೆಯಬೇಕಾದ ಮಾತೇ ಅದಾಗಿತ್ತು, ಪಾಪ, ಅವನಿಗೆ ತಿಳಿಯಲಿಲ್ಲ.

ನನಗೆ ಆ ಮಾತು ಕಲಿಸಿದ್ದು ಜೇಜಿ. ಅಪ್ಪನ ತಾಯಿಯನ್ನು ನಾವು ಹಾಗೆ ಕರೆಯುತ್ತಿದ್ದೆವು. ತೆಲುಗಿನವರ ಮಾತು, ಆದರೆ ನಮ್ಮೂರಲ್ಲಿ ಯಾವುದು ಕನ್ನಡ, ಯಾವುದು ತೆಲುಗು ಎಂದು ಕಲ್ಲು-ಅಕ್ಕಿ ಆರಿಸಿದ ಹಾಗೆ ಯಾರೂ ಆರಿಸುತ್ತಿರಲಿಲ್ಲ. ಅಪ್ಪನಿಗೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ. ಅವ್ವನೂ ತಮ್ಮಂದಿರೂ ಅಲ್ಲೇ ಇದ್ದರು. ನನ್ನೊಬ್ಬಳನ್ನು ಸಾಲೆಗೆಂದು ಬಳ್ಳಾರಿಯಲ್ಲಿ ಬಿಟ್ಟಿದ್ದರು. ಸತ್ಯನಾರಾಯಣಪೇಟೆಯ ಮಣ್ಣಿನ ಮಾಳಿಗೆಯ ಮನೆಯಲ್ಲಿ ಜೇಜಿ, ಸಣ್ಣಪ್ಪ, ನಾನು, ಮೂರೇ ಜನ. ಬೇಸಿಗೆಯಲ್ಲಿ ಬಳ್ಳಾರಿ ಗುಡ್ಡದ ಬಂಡೆಗಳು ಹಗಲೆಲ್ಲ ಕಾದು ಸಂಜೆ ಆ ಕಾವನ್ನು ಊರಿಗೆ ವಾಪಸು ಕೊಡುವಾಗಲೂ ನಮ್ಮ ಪಡಸಾಲೆ ತಣ್ಣಗಿರುತ್ತಿತ್ತು. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಇಳಿದ ಬಿಸಿಲಿನ ಬಿಲ್ಲೆ ಬೆಳಿಗ್ಗೆ ಒಲೆಯ ಹತ್ತಿರ, ಮಧ್ಯಾಹ್ನ ಬೀಸುಕಲ್ಲಿನ ಮೇಲೆ, ಸಾಲೆ ಬಿಟ್ಟು ಬರುವ ಹೊತ್ತಿಗೆ ಬಾಗಿಲ ಬಳಿ ಇರುತ್ತಿತ್ತು. ಅಪ್ಪ ಅವ್ವ ದೂರವಿದ್ದಾರೆ ಎಂದು ನಾನು ಅತ್ತ ನೆನಪೇ ಇಲ್ಲ. ಅಳಲು ಸಣ್ಣಪ್ಪ ಬಿಡುತ್ತಿರಲಿಲ್ಲ.

ಅವನ ಆಟಗಳನ್ನು ಏನೆಂದು ಹೇಳಲಿ. ಮಾಳಿಗೆ ಹತ್ತಿ, ಬೆಳಕಿಂಡಿಗೆ ಬಾಯಿಟ್ಟು, "ಎಲೈ ಗುರುಸಿದ್ದಮ್ಮಾ! ನಾನು ಕೈಲಾಸದಿಂದ ವೀರಭದ್ರ ಬಂದೀನಿ. ಏನು ವರ ಬೇಕು ಕೇಳು!" ಎಂದು ಗುಡುಗುತ್ತಿದ್ದ. ಜೇಜಿ ರೊಟ್ಟಿ ಬಡಿಯುತ್ತ ತಲೆಯೆತ್ತದೆ, "ವೀರಭದ್ರ ಆದ್ರ ಕೆಳಗಿಳದು ಎರಡು ಕೊಡ ನೀರು ತಾ" ಎನ್ನುತ್ತಿದ್ದಳು. ರೂಪನಗುಡಿ ಬಸ್ಸಿನ ಕಂಡಕ್ಟರನ ಹಾಗೆ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕೂಗುತ್ತ, ಓಣಿಯ ಹುಡುಗರನ್ನೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ, ಟೈಲರ್ ಅಂಗಡಿಯಿಂದ ತಂದ ಬಟ್ಟೆಯ ತುಂಡುಗಳನ್ನೇ ಟಿಕೇಟೆಂದು ಹರಿದು ಕೊಡುತ್ತಿದ್ದ. ಒಂದು ಬೆಳಿಗ್ಗೆ ಜೇಜಿಯ ಹಳೆಯ ಹಸಿರು ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದು, ಬುಟ್ಟಿ ಹೊತ್ತುಕೊಂಡು ಬಾಗಿಲಿಗೆ ಬಂದು, "ಬದನಿಕಾಯ್ ಬೇಕೇನ್ರೀ?" ಎಂದ. ಕಣ್ಣು ಮಂದವಾಗಿದ್ದ ಜೇಜಿ ಅರ್ಧ ತಾಸು ಚೌಕಾಸಿ ಮಾಡಿದಳು. ಕೊನೆಗೆ ಬುಟ್ಟಿಯ ಬದನೆಕಾಯಿ ತನ್ನ ಅಡುಗೆಮನೆಯದೇ ಎಂದು ಗುರುತಾದಾಗ ಓಣಿಗೆಲ್ಲ ಕೇಳುವಂತೆ ಕೂಗಿದಳು: "ಹುಚ್ಚಪ್ಯಾಲಿ! ವೀರಭದ್ರ ಅಂತ ಹೆಸರಿಟ್ರ ಕೋಡಂಗಿ ಆಗಿ ಕುಂತೀಯಲ್ಲೋ!"

ಎಲ್ಲಕ್ಕಿಂತ ಹೆಚ್ಚು ನೆನಪಿರುವುದು ಹಲ್ಲಿಯ ಆಟ. ಕೆಟ್ಟ ಯಂತ್ರದಿಂದ ಬಿಚ್ಚಿದ ಒಂದು ಸ್ಪ್ರಿಂಗಿಗೆ ಚಿಂದಿಯಲ್ಲಿ ಹೊಲಿದ ಹಲ್ಲಿಯೊಂದನ್ನು ಕಟ್ಟಿ, ಜೇಜಿಯ ಎಲೆ-ಅಡಿಕೆಯ ಡಬ್ಬಿಯಲ್ಲಿ ಒತ್ತಿ ಮುಚ್ಚಳ ಹಾಕಿಡುತ್ತಿದ್ದ. ಊಟವಾದ ಮೇಲೆ ಜೇಜಿ ಡಬ್ಬಿ ತೆಗೆದರೆ ಹಲ್ಲಿ ಮುಖಕ್ಕೆ ಹಾರುವುದು. ಅವಳು ಕೂಗಿ, ಥಟ್ಟನೆ ಬಾಗಿಲ ಕಡೆ ತಿರುಗುವಳು. ಏಕೆಂದರೆ ಅವಳ ಮುಖ ನೋಡಲೆಂದು ಸಣ್ಣಪ್ಪ ಯಾವಾಗಲೂ ಬಾಗಿಲ ಹಿಂದೆ ನಿಂತಿರುತ್ತಿದ್ದ. ಮೊದಲು ಬೈಗುಳ, ಆಮೇಲೆ ತಿರುಗಿ ನೋಡುವುದು, ಆಮೇಲೆ ನಗು, ಇದೇ ಕ್ರಮ. ವಾರಕ್ಕೊಮ್ಮೆಯಾದರೂ ಇದು ನಡೆಯುತ್ತಿತ್ತು. ಹಲ್ಲಿ ಇದೆಯೆಂದು ಜೇಜಿಗೆ ಗೊತ್ತಿರದೇ ಇರಲು ಸಾಧ್ಯವಿರಲಿಲ್ಲ ಎಂದು ನನಗೆ ಹೊಳೆದದ್ದು ನಾನೂ ಒಬ್ಬ ಮಗಳ ತಾಯಿಯಾದ ಮೇಲೆ.

ಆದರೆ ಆ ಮಾತಿಗೆ ಜೇಜಿ ಕಟ್ಟುಪಾಡು ಇಟ್ಟಿದ್ದಳು. ಹುಷಾರಿಲ್ಲದವರಿಗೆ ಅನ್ನಬಾರದು. ಲಿಂಗಪೂಜೆಗೆ ಕೂತಾಗ ಬಾಯಿಗೆ ತರಬಾರದು. ಕೋಟೆಯ ಕಡೆಯಿಂದ ಆಗಾಗ ಒಬ್ಬ ಮನುಷ್ಯ ಬರುತ್ತಿದ್ದ, ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತ, ಹರಿದ ಕೋಟು ತೊಟ್ಟು. ಜೇಜಿ ಅವನಿಗೆ ರೊಟ್ಟಿ ಪಲ್ಯ ಕೊಡುತ್ತಿದ್ದಳು. ಒಮ್ಮೆ ನಾನು ಅವನನ್ನು ಹುಚ್ಚಪ್ಯಾಲಿ ಎಂದದ್ದಕ್ಕೆ ಕಿವಿ ಹಿಂಡಿದಳು. "ಹುಚ್ಚು ಬ್ಯಾರೆ, ಪ್ಯಾಲಿತನ ಬ್ಯಾರೆ. ಅದು ದೇವ್ರು ಕೊಟ್ಟ ಕಷ್ಟ. ಇದು ಹೊಟ್ಟಿ ತುಂಬಿದ ಮಗ ಅವ್ವನ ಮುಂದ ಮಾಡೋ ಆಟ" ಎಂದಳು. ಆಮೇಲೆ ಕಿವಿ ಬಿಟ್ಟು, "ಇದು ಮನಿಯಾಗಿನ ಮಾತು, ಹೊಸ್ತಿಲ ದಾಟಿಸಬ್ಯಾಡ. ಹೊರಗಿನ ಮಂದಿಗೆ ನಮ್ಮ ಮಾತು ಕೇಳತೈತಿ, ನಗು ಕಾಣಂಗಿಲ್ಲ" ಎಂದಳು. ಆಗ ನನಗೆ ಒಂಬತ್ತು ವರ್ಷ. ಕಿವಿ ಉರಿಯುತ್ತಿತ್ತಾದ್ದರಿಂದ ಮಾತು ಚೆನ್ನಾಗಿ ನೆನಪುಳಿಯಿತು. ನೆನಪಿದ್ದೂ ಮುಂದೆ ನಾನು ಮಾಡಿದ್ದನ್ನು ಮಾಡಿದೆ. ಅದಕ್ಕೇ ನನಗೆ ಮಾಫಿ ಇಲ್ಲ.

ಅದೇ ವರ್ಷ ಸಣ್ಣಪ್ಪನಿಗೆ ಕುರುಗೋಡಿನ ಕಡೆಯಿಂದ ಒಂದು ಸಂಬಂಧ ಬಂತು. ತಂದವರು ಸಿರುಗುಪ್ಪದ ಶೇಖರಪ್ಪ, ಅಪ್ಪನ ಗಿರಣಿಯ ಪರಿಚಯದವರು, ಊರೂರಿನ ಮದುವೆ ಕುದುರಿಸುವುದರಲ್ಲಿ ಪಳಗಿದವರು. ಹೆಣ್ಣು ನೋಡಲು ಜೇಜಿ, ಸಣ್ಣಪ್ಪ, ಶೇಖರಪ್ಪನವರ ಜೊತೆ ನಾನೂ ಹೋದೆ. ಹುಡುಗಿಯ ಹೆಸರು ಗಿರಿಜಾ. ಬಂಡೆಗುಡ್ಡದ ಕೆಳಗೆ ಅವರ ಮನೆ, ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿಯ ಘಾಟು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಂದಿಟ್ಟರು. ಸಣ್ಣಪ್ಪ ಗಂಭೀರನಾಗಿ ಕಾಣಬೇಕೆಂದು ಬಸ್ಸಿನಲ್ಲಿ ಜೇಜಿ ಎರಡು ಸಲ ಎಚ್ಚರಿಸಿದ್ದಳು. ಅವನು ಗಂಭೀರವಾಗಿಯೇ ಒಂದು ಮಿರ್ಚಿಯನ್ನು ಕಚ್ಚಿದ. ಖಾರ ನೆತ್ತಿಗೇರಿತು. ಕಣ್ಣಲ್ಲಿ ಧಾರಾಕಾರ ನೀರು. ನೀರು ಕೇಳಿದರೆ ಮರ್ಯಾದೆ ಹೋದೀತೆಂದು, ಮೂಗು ಸೇದುತ್ತ, ಹುಡುಗಿಯ ಅಪ್ಪನಿಗೆ, "ಈ ವರ್ಷ ಮೆಣಸಿನಕಾಯಿ ಬೆಳಿ... ಭಾಳ... ಚಲೋ ಬಂದೈತ್ರಿ" ಎಂದ. ಒಳಗಿನ ಬಾಗಿಲ ಹಿಂದಿನಿಂದ ಯಾರೋ ಕಿಲಕಿಲ ನಕ್ಕರು. ಗಿರಿಜಾ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣು ನಗುವುದುಂಟೇ! ಅವರ ಮನೆಯವರು ಗದರಿದರು. ಆದರೂ ಅವಳು ಚೊಂಬು ನೀರು ತಂದುಕೊಟ್ಟಾಗ ತುಟಿ ಬಿಗಿಹಿಡಿದು ನಗುತ್ತಲೇ ಇದ್ದಳು. ಹೊರಡುವಾಗ ನನ್ನನ್ನು ಒಳಗೆ ಕರೆದು ತನ್ನದೊಂದು ಕೆಂಪು ರಿಬ್ಬನ್ನನ್ನು ಜಡೆಗೆ ಕಟ್ಟಿ, "ನಿಮ್ಮ ಸಣ್ಣಪ್ಪ ಮನ್ಯಾಗೂ ಹಿಂಗ ಇರ್ತಾನೇನು?" ಎಂದು ಕೇಳಿದಳು. ಆ ಕೇಳುವಿಕೆಯಲ್ಲಿ ಆಸೆಯಿತ್ತು. ಮಕ್ಕಳಿಗೆ ಅಂಥದ್ದು ಬೇಗ ತಿಳಿಯುತ್ತದೆ.

ವಾಪಸು ಬರುವಾಗ ಬಸ್ಸಿನಲ್ಲಿ ಸಣ್ಣಪ್ಪ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಟಿಕೇಟಿನ ಆಟವಿಲ್ಲ, ಕಂಡಕ್ಟರನ ಅಣಕವಿಲ್ಲ. ಅವನು ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ಅದೇ ಮೊದಲು ಕಂಡಿದ್ದು. ತುಟಿಯ ಮೇಲೆ ಸಣ್ಣ ನಗು ಇತ್ತು, ಆದರೆ ಅದು ನಮಗಾಗಿ ಇರಲಿಲ್ಲ. ತೋಳು ಹಿಡಿದು ಅಲ್ಲಾಡಿಸಿದೆ, "ಹ್ಞಾಂ ಪಾರಿ" ಎಂದು ಮತ್ತೆ ಹೊರಗೆ ನೋಡಿದ. ಇವನು ಹೋಗುತ್ತಾನೆ, ಇನ್ನು ನನ್ನವನಲ್ಲ ಎನಿಸಿತು. ಜಡೆಯಿಂದ ಕೆಂಪು ರಿಬ್ಬನ್ ಬಿಚ್ಚಿ, ಯಾರಿಗೂ ಕಾಣದಂತೆ ಕಿಟಕಿಯಿಂದ ಹೊರಗೆ ಎಸೆದೆ. ಅದು ರಸ್ತೆಯ ಜಾಲಿಗಿಡಕ್ಕೆ ಸಿಕ್ಕಿಕೊಂಡದ್ದು ಹಿಂದಿನ ಕಿಟಕಿಯಿಂದ ಕಂಡಿತು.

ಎರಡು ವಾರದ ಮೇಲೆ ಕುರುಗೋಡಿನವರು ಮನೆ ನೋಡಲು ಬಂದರು. ನಮ್ಮಲ್ಲಿ ಹುಡುಗಿ ಒಪ್ಪಿಗೆಯಾದ ಮೇಲೆ ಹೆಣ್ಣಿನ ಕಡೆಯ ಹಿರಿಯರು ಗಂಡಿನ ಮನೆಗೆ ಬಂದು ಒಲೆ, ನೀರು, ನಡೆ-ನುಡಿ ನೋಡಿಕೊಂಡು ಹೋಗುತ್ತಿದ್ದರು. ಸಂಬಂಧ ಮನಸ್ಸಿಗೆ ಬಂದರೆ ಆ ಮನೆಯಲ್ಲಿ ಸಿಹಿ ಉಣ್ಣುತ್ತಿದ್ದರು. ಬಾರದಿದ್ದರೆ ಏನಾದರೂ ನೆಪ ಹೇಳಿ ನೀರು ಕುಡಿದು ಎದ್ದುಬಿಡುತ್ತಿದ್ದರು. ಜೇಜಿ ಬೆಳಿಗ್ಗೆಯಿಂದ ಹೋಳಿಗೆ ಬೇಯಿಸುತ್ತಿದ್ದಳು. ಅವರ ತಂಡದಲ್ಲಿ ಗಿರಿಜಾಳ ಅಜ್ಜಿ ಇದ್ದಳು, ಹಣೆತುಂಬ ವಿಭೂತಿ, ಹದ್ದಿನ ಕಣ್ಣು. ಇಂಥ ಅಜ್ಜಿಯಂದಿರು ಯಾಕೆ ಬರುತ್ತಾರೆಂದು ಎಲ್ಲರಿಗೂ ಗೊತ್ತು. ದೊಡ್ಡವರು ದೊಡ್ಡವರ ಜೊತೆ ಮಾತಾಡುತ್ತಿರುವಾಗ ಅವರು ಮನೆಯ ಅತಿ ಸಣ್ಣ ಮಗುವನ್ನು ಹಿತ್ತಲಿಗೆ ಕರೆದು, ಬಾಯಿಗೆ ಕಲ್ಲುಸಕ್ಕರೆ ಹಾಕಿ ಕೇಳುತ್ತಾರೆ. ಮಕ್ಕಳು ಸುಳ್ಳು ಹೇಳುವುದಿಲ್ಲವೆಂಬ ನಂಬಿಕೆ. ಆ ಅಜ್ಜಿಯೂ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದಳು: "ನಿಮ್ಮ ಸಣ್ಣಪ್ಪ ಹೆಂಗದಾನವ್ವ? ಖರೇ ಹೇಳು ನನ್ನ ಕೂಸ."

ನಾನು ಸುಳ್ಳು ಹೇಳಲಿಲ್ಲ. "ಅವನು ಹುಚ್ಚಪ್ಯಾಲಿ" ಎಂದೆ. "ಜೇಜೀನೇ ದಿನಾ ಅಂತಾಳ. ಸೀರಿ ಉಟಗೊಂಡು ಓಣ್ಯಾಗ ಅಡ್ಡಾಡ್ತಾನ. ಮಾಳಿಗಿ ಹತ್ತಿ ನಾನು ವೀರಭದ್ರ ಅಂತ ಒದರ್ತಾನ. ಚಿಂದಿ ಹರದು ಟಿಕೇಟು ಅಂತ ಮಂದಿಗೆ ಕೊಡ್ತಾನ." ಅಜ್ಜಿಯ ಮುಖ ಒಂದೊಂದು ಮಾತಿಗೂ ಬಿಗಿಯುತ್ತ ಬಂತು. ನನಗೆ ಅದು ಕಾಣುತ್ತಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಇಷ್ಟೆಲ್ಲ ನಮ್ಮನ್ನು ನಗಿಸಲಿಕ್ಕೆ ಅಜ್ಜಿ ಎಂದು ಒಂದೇ ಒಂದು ಮಾತು ಸೇರಿಸಬಹುದಿತ್ತು. ನಾನು ನಗುವೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. "ಮತ್ತ... ಗ್ವಾಡಿ ಜೊತಿಗೂ ಮಾತಾಡ್ತಾನೇನವ್ವ?" ಎಂದು ಅವಳು ಪಿಸುಗುಟ್ಟಿದಾಗ ಹೂಂ ಎಂದು ತಲೆಯಾಡಿಸಿದೆ. ಅದೂ ನಿಜವೇ. ಗೋಡೆಯನ್ನು ಜೇಜಿಯೆಂದು ಮಾಡಿಕೊಂಡು ಅವನು ಸಾಲ ಕೇಳುವ ಆಟ ಆಡುತ್ತಿದ್ದ. ಬಾಯಲ್ಲಿ ಕಲ್ಲುಸಕ್ಕರೆ ಕರಗುತ್ತಿತ್ತು.

ಅಜ್ಜಿ ಪಡಸಾಲೆಗೆ ಹೋಗಿ ಮಗನ ಕಿವಿಯಲ್ಲಿ ಏನೋ ಹೇಳಿದಳು. "ಇವತ್ತು ನಮಗ ಉಪಾಸ ಐತ್ರಿ, ತಪ್ಪು ತಿಳ್ಕೋಬ್ಯಾಡ್ರಿ" ಎಂದು ಅವರೆಲ್ಲ ಎದ್ದರು. ಗಂಡಿನ ಮನೆಗೆ ಸಿಹಿ ಉಣ್ಣಲು ಬಂದವರು ಉಪವಾಸ ಹಿಡಿದು ಬರುತ್ತಾರೆಯೇ? ಜೇಜಿ ಹೋಳಿಗೆಯ ಬುಟ್ಟಿಯ ಮುಂದೆ ಹಾಗೇ ಕೂತಳು. ಸಣ್ಣಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಾಗಿಲವರೆಗೂ ಹೋಗಿ ಅವರನ್ನು ಕಳಿಸಿ ಬಂದ. ಬುಟ್ಟಿಯಲ್ಲಿದ್ದ ಹೋಳಿಗೆಯನ್ನು ಮೂರು ದಿನ ನಾವೇ ತಿಂದೆವು. ನಾಲ್ಕನೆಯ ದಿನ ಶೇಖರಪ್ಪ ಬಂದು ಕಟ್ಟೆಯ ಮೇಲೆ ಕೂತು, ಸಂಕೋಚದಿಂದಲೇ ಹೇಳಿದರು: "ಏನ್ ಮಾಡೂದ್ರಿ ಅಮ್ಮಾರ. ಹುಡುಗನ ತಲಿ ನೆಟ್ಟಗಿಲ್ಲಂತ ಅಂದ್ಬಿಟ್ರು. ಬ್ಯಾರೇರ ಮಾತಾಗಿದ್ರ ನಾ ಜಗಳಾ ಮಾಡ್ತಿದ್ದೆ. ನಿಮ್ಮ ಮನಿ ಕೂಸೇ ಹೇಳೈತಂತ. ನೀವೇ ದಿನಾ ಅಂತೀರಂತ." ಜೇಜಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಹೊಡೆತ ಬೀಳುತ್ತದೆಂದು ಕಾದೆ, ಬೀಳಲಿಲ್ಲ. ಸಣ್ಣಪ್ಪನೇ ನಡುವೆ ಬಂದು, "ಕೂಸು ಏನು ಸುಳ್ಳು ಹೇಳೈತಿ? ಇದ್ದದ್ದ ಹೇಳೈತಿ. ಬಿಡ್ರಿ ಅತ್ಲಾಗ" ಎಂದು ನಕ್ಕು ಸೈಕಲ್ ಹತ್ತಿ ಕೌಲ್ ಬಜಾರಿಗೆ ಹೋದ.

ಅಂದಿನಿಂದ ಜೇಜಿ ಆ ಮಾತು ಆಡಲಿಲ್ಲ. ಮೊದಲ ವಾರ ನನಗೆ ಗೊತ್ತೇ ಆಗಲಿಲ್ಲ. ಎರಡನೇ ವಾರ ಸಣ್ಣಪ್ಪ ಮಾಳಿಗೆ ಹತ್ತಿ ಬೆಳಕಿಂಡಿಯಲ್ಲಿ ಗುಡುಗಿದ. ಜೇಜಿ, "ಇಳದು ಬಾ, ಬಿಸಿಲೈತಿ" ಎಂದಳು. ಅಷ್ಟೇ. ಹಲ್ಲಿ ಡಬ್ಬಿಯಿಂದ ಹಾರಿತು. ಜೇಜಿಯ ಬಾಯಿ ತೆರೆದು, ಹಾಗೇ ಮುಚ್ಚಿಕೊಂಡಿತು. ಹಲ್ಲಿಯನ್ನು ಎತ್ತಿ ಪಕ್ಕಕ್ಕಿಟ್ಟು ಎಲೆಗೆ ಸುಣ್ಣ ಹಚ್ಚತೊಡಗಿದಳು. ಬಾಗಿಲ ಹಿಂದೆ ನಿಂತಿದ್ದ ಸಣ್ಣಪ್ಪನ ಮುಖ ನನಗೆ ಕಾಣುತ್ತಿತ್ತು. ಕುರುಗೋಡಿನವರು ಉಣ್ಣದೆ ಎದ್ದು ಹೋದಾಗಲೂ ಆ ಮುಖ ಹಾಗಾಗಿರಲಿಲ್ಲ. ಇನ್ನೂ ಒಂದಷ್ಟು ದಿನ ಅವನು ಪ್ರಯತ್ನಿಸಿದ, ದಿನಕ್ಕೊಂದು ಹೊಸ ಪ್ಯಾಲಿತನ ಹುಡುಕಿ ಮಾಡಿ, ಮಾಡಿದ ಮೇಲೆ ಒಂದು ಕ್ಷಣ ನಿಂತು, ಕಿವಿಗೊಟ್ಟು ಕಾಯುತ್ತಿದ್ದ. ಬೈಗುಳ ಬರುತ್ತಿರಲಿಲ್ಲ. ಆಮೇಲೆ ಬಿಟ್ಟುಬಿಟ್ಟ. ಮನೆ ಮರ್ಯಾದಸ್ಥರ ಮನೆಯಾಯಿತು. ಬೇರೆ ಸಂಬಂಧಗಳು ಬರಲಿಲ್ಲವೆಂದಲ್ಲ, ಒಂದೆರಡು ಬಂದವು. ನಾವು ಹೋಗುವ ಮೊದಲೇ ಆ ಮಾತು ಅವರ ಊರು ಮುಟ್ಟಿರುತ್ತಿತ್ತು. ಮುಟ್ಟದಿದ್ದಲ್ಲಿ ಸಣ್ಣಪ್ಪನೇ ಹೋಗಲು ಒಪ್ಪಲಿಲ್ಲ. ಗಿರಿಜಾಳ ಮದುವೆ ಮುಂದಿನ ವರ್ಷ ಬೇರೆ ಕಡೆ ಆಯಿತೆಂದು ಕೇಳಿದೆವು. ನಮ್ಮ ಮನೆಯಲ್ಲಿ ಅದರ ಮಾತು ಯಾರೂ ಎತ್ತಲಿಲ್ಲ.

ಕಾಲೇಜಿಗೆ ಹೋಗುತ್ತಿದ್ದಾಗ ಒಂದು ಮಧ್ಯಾಹ್ನ ಜೇಜಿಯ ತಲೆ ಬಾಚುತ್ತ, ನೀನು ಸಣ್ಣಪ್ಪನಿಗೆ ಮೊದಲಿನ ಹಾಗೆ ಯಾಕೆ ಬೈಯುವುದಿಲ್ಲ ಎಂದು ಕೇಳಿಯೇಬಿಟ್ಟೆ. ಬೆಳಕಿಂಡಿಯ ಬಿಸಿಲು ಬೀಸುಕಲ್ಲಿನ ಮೇಲಿತ್ತು. ಜೇಜಿ ತಲೆ ತಿರುಗಿಸದೆ ಹೇಳಿದಳು: "ನೀನು ಸಣ್ಣಾಕಿ, ನಿನಗೇನು ತಿಳೀತಿತ್ತು. ಕಲಿಸಿದಾಕಿ ನಾನು. ನನ್ನ ನಾಲಿಗಿ ನನ್ನ ಮಗನ ಬಾಳಿಗೆ ಹತ್ತಿತು. ಇನ್ನ ಆ ಮಾತು ನನ್ನ ಬಾಯಾಗ ಬ್ಯಾಡ." ಆಗ ಹೇಳಬೇಕಿತ್ತು. ತಿಳಿಯದೆ ಅಲ್ಲ ಜೇಜಿ, ತಿಳಿದೇ ಹೇಳಿದೆ, ಹೊಟ್ಟೆಕಿಚ್ಚಿನಿಂದ ಹೇಳಿದೆ, ನಿನ್ನ ತಪ್ಪು ಎಳ್ಳಷ್ಟೂ ಇಲ್ಲ ಎನ್ನಬೇಕಿತ್ತು. ಬಾಚಣಿಗೆಗೆ ಸಿಕ್ಕ ಕೂದಲು ಬಿಡಿಸಿ ಅವಳ ತುರುಬು ಕಟ್ಟಿದೆ. ಹೇಳಲಿಲ್ಲ. ಮೂರು ವರ್ಷದ ಮೇಲೆ ಜೇಜಿ ತೀರಿಕೊಂಡಳು. ಮಗನ ಬಾಳನ್ನು ತಾನೇ ಕೆಡಿಸಿದೆನೆಂದು ನಂಬಿಕೊಂಡೇ ಹೋದಳು. ವಿಭೂತಿ ಹಚ್ಚಿ, ಮಾಲೆ ಹಾಕಿ ಕೂರಿಸಿದ್ದ ಅವಳ ಮುಂದೆ ಭಜನೆಯವರು ತಾಳ ಕುಟ್ಟುತ್ತಿದ್ದಾಗ ಸಣ್ಣಪ್ಪ ಎಲೆ-ಅಡಿಕೆಯ ಡಬ್ಬಿಯನ್ನು ತೆರೆದು ನೋಡಿ ಮುಚ್ಚಿದ್ದನ್ನು ನಾನು ಕಂಡೆ.

ಆ ಮನೆ ಈಗಿಲ್ಲ. ಮಣ್ಣಿನ ಮಾಳಿಗೆ ಸೋರತೊಡಗಿದ ಮೇಲೆ ಅಪ್ಪ ಅದನ್ನು ಮಾರಿದ. ಆ ಜಾಗದಲ್ಲಿ ಗಾಜಿನ ಬಾಗಿಲಿನ ಕಟ್ಟಡವೊಂದು ನಿಂತಿದೆ, ರಕ್ತ ಪರೀಕ್ಷೆ ಮಾಡುತ್ತಾರೆ. ಒಮ್ಮೆ ನಾನೂ ಅಲ್ಲಿ ರಕ್ತ ಕೊಡಲು ಹೋಗಿ, ಬೀಸುಕಲ್ಲು ಎಲ್ಲಿದ್ದಿರಬಹುದೆಂದು ಲೆಕ್ಕ ಹಾಕುತ್ತ ಕೂತಿದ್ದೆ. ಸಣ್ಣಪ್ಪ ಕೌಲ್ ಬಜಾರಿನಲ್ಲೇ ಒಂದು ಕೋಣೆ ಹಿಡಿದು ವರ್ಷಗಟ್ಟಲೆ ಇದ್ದ. ಖಾಕಿ ಬಟ್ಟೆ ಹೋಗಿ ಜೀನ್ಸ್ ಬಂತು, ಕಾಲಲ್ಲಿ ತುಳಿಯುವ ಯಂತ್ರ ಹೋಗಿ ಮೋಟಾರಿನದು ಬಂತು, ಅವನ ಪೆಟ್ಟಿಗೆ ಮಾತ್ರ ಅದೇ. ಎಪ್ಪತ್ತು ದಾಟಿ ಕೈ ನಡುಗತೊಡಗಿದ ಮೇಲೆ ನಾನೂ ನನ್ನ ಗಂಡನೂ ಹೋಗಿ ಕರೆದುಕೊಂಡು ಬಂದೆವು. ಮಗಳನ್ನು ಸಿರುಗುಪ್ಪಕ್ಕೆ ಕೊಟ್ಟು ಮನೆ ಖಾಲಿಯಾಗಿತ್ತು. ಅವಳ ಕೋಣೆಯನ್ನೇ ಅವನಿಗೆ ಕೊಟ್ಟೆ.

ಅವನು ನಮ್ಮಲ್ಲಿಗೆ ಬಂದ ಎರಡನೇ ವರ್ಷ, ಒಂದು ಭಾನುವಾರ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆಯ ಜೊತೆ ಮಿರ್ಚಿ ಮಾಡಿದ್ದೆ. ಒಂದು ಕಚ್ಚಿ ಅವನು ಕಣ್ಣಲ್ಲಿ ನೀರು ತಂದುಕೊಂಡು, "ಮೆಣಸಿನಕಾಯಿ ಬೆಳಿ ಭಾಳ ಚಲೋ ಬಂದೈತ್ರಿ" ಎಂದ. ನನ್ನಿಂದ ಇನ್ನು ತಡೆಯಲಾಗಲಿಲ್ಲ. ತಟ್ಟೆ ಕೆಳಗಿಟ್ಟು ಎಲ್ಲ ಹೇಳಿದೆ. ತಿಳಿದೇ ಮಾಡಿದ್ದು, ನೀನು ಹೋಗಬಾರದೆಂದು ಮಾಡಿದ್ದು, ಜೇಜಿಗೂ ಹೇಳಲಿಲ್ಲ, ಅವಳು ತನ್ನನ್ನೇ ಬೈದುಕೊಂಡು ಸತ್ತಳು ಎಂದು ಬಿಕ್ಕಿ ಬಿಕ್ಕಿ ಹೇಳಿದೆ. ಅವನು ನೀರು ಕುಡಿದ. "ಗೊತ್ತಿತ್ತು ಬಿಡು" ಎಂದ. "ಬಸ್ಸಿನ್ಯಾಗ ಆ ರಿಬ್ಬನ್ನು ಕಿಟಕಿಯಿಂದ ಒಗದಿ ನೋಡು, ಆವಾಗ ಗೊತ್ತಾತು. ಒಂಬತ್ತು ವರ್ಷದ ಕೂಸು. ನಿನ್ನ ಮ್ಯಾಲೆ ಏನು ಸಿಟ್ಟಾಗಲಿ?" ಹಾಗಾದರೆ ಜೇಜಿಗೆ ಯಾಕೆ ಹೇಳಲಿಲ್ಲ ಎಂದೆ. "ಹೇಳಿದ್ರ ಅವ್ವ ನಿನ್ನ ಸಿರುಗುಪ್ಪಕ್ಕ ಕಳಿಸಿಬಿಡ್ತಿದ್ಲು. ಆಮ್ಯಾಲ ನಾ ಯಾರನ್ನ ನಗಸಲಿ?" ಎಂದ. ನಾನು ಕಣ್ಣು ಒರೆಸಿಕೊಂಡೆ. ಅವನು ನನ್ನ ತಟ್ಟೆಯನ್ನು ಮತ್ತೆ ನನ್ನ ಮುಂದೆ ಸರಿಸಿ ಹೇಳಿದ: "ಹೆಂಡ್ತಿ ಸಿಗಲಿಲ್ಲ, ಅದು ಋಣಾನುಬಂಧ. ಅವ್ವ ಬೈಯೂದು ಬಿಟ್ಲು ನೋಡು, ಅದು ಭಾಳ ಕಾಡ್ತು ಪಾರಿ. ಈಗರ ನೀ ಒಮ್ಮೆ ಅನ್ನು."

ಅಂದೆ. ನಲವತ್ತೈದು ವರ್ಷದ ಮೇಲೆ ಆ ಮಾತನ್ನು ಬಾಯಿಬಿಟ್ಟು ಅಂದೆ. ಅವನು ಮುಖ ಸಿಂಡರಿಸಿದ. "ಇದು ಟೀಚರ ಹಾಜರಿ ಕರದಾಂಗಾತು." ಮತ್ತೊಮ್ಮೆ ಅಂದೆ. "ಈಗ ಅಳಕೋತ ಅಂದಿ." ಆಮೇಲೆ ಅದೇ ನಮ್ಮ ದಿನದ ಪಾಠವಾಯಿತು. ಸಾಲೆಯಿಂದ ಬಂದ ಕೂಡಲೇ ಅವನ ಮುಂದೆ ನಿಂತು ಅನ್ನಬೇಕು, ಅವನು ಯಂತ್ರದ ಮುಂದೆ ಕೂತವನ ಹಾಗೆ ಕಿವಿ ವಾರೆ ಮಾಡಿ ಕೇಳುತ್ತಿದ್ದ. "ದಾರ ಬಿಗಿ ಆತು, ಸ್ವಲ್ಪ ಸಡ್ಲ ಬಿಡು. ಅವ್ವ ಅನ್ನಾಗ ಸಿಟ್ಟು ಮುಂದ ಇರ್ತಿತ್ತು, ನಗಿ ಹಿಂದ ಇರ್ತಿತ್ತು. ನಿನಗ ಎರಡೂ ಒಮ್ಮೆಲೆ ಬರಾಕ ಹತ್ಯಾವ" ಎನ್ನುತ್ತಿದ್ದ. ನನ್ನ ಗಂಡ ಪೇಪರ್ ಸರಿಸಿ ನಮ್ಮಿಬ್ಬರನ್ನೂ ನೋಡಿ ಮತ್ತೆ ಪೇಪರ್ ಎತ್ತಿಕೊಳ್ಳುತ್ತಿದ್ದರು. ಎಷ್ಟು ಸಲ ಅಂದರೂ ಸರಿಬರಲಿಲ್ಲ. ಬೇಕೆಂದು ಅಂದರೆ ಬರುವ ಮಾತಲ್ಲ ಅದು. ಹೋದ ಬೇಸಿಗೆಯಲ್ಲಿ, ಆಸ್ಪತ್ರೆಯಿಂದ ವಾಪಸು ಕರೆತಂದ ಮೇಲೂ ಒಮ್ಮೆ ಅಂದೆ. ಕಣ್ಣು ತೆರೆಯದೆ, "ಇನ್ನೂ ಬರಲಿಲ್ಲ. ಬರತೈತಿ ಬಿಡು" ಎಂದ. ಆ ವಾರವೇ ಹೋದ. ಅವನನ್ನೂ ವಿಭೂತಿ ಹಚ್ಚಿ ಕೂರಿಸಿದರು. ಕೌಲ್ ಬಜಾರಿನಿಂದ ಮಹಬೂಬ ಮತ್ತು ಅವನ ಕಾರಿಗರು ಅಂದು ಯಂತ್ರ ನಿಲ್ಲಿಸಿ ಬಂದಿದ್ದರು.

ಪರದೆಯ ದಿನ ಆಟೋ ಇಳಿದವಳು ಕೈಕಾಲು ತೊಳೆಯದೆ ನೇರ ಅಟ್ಟಕ್ಕೆ ಏಣಿ ಹಾಕಿದೆ. ಗಂಡ ಸಂತೆಗೆ ಹೋಗಿದ್ದರು, ಮನೆಯಲ್ಲಿ ಯಾರೂ ಇರಲಿಲ್ಲ. ಧೂಳು ಒರೆಸಿ ಪೆಟ್ಟಿಗೆಯನ್ನು ಪಡಸಾಲೆಯ ನಡುವೆ ಇಟ್ಟುಕೊಂಡು ಕೂತೆ. ಬಿಸಿಲು ಬಾಗಿಲ ಹತ್ತಿರ ಬಂದಿತ್ತು. ಕೊಂಡಿ ಸ್ವಲ್ಪ ತುಕ್ಕು ಹಿಡಿದಿತ್ತು. ಎರಡೂ ಹೆಬ್ಬೆರಳಿಟ್ಟು ಒತ್ತಿದೆ. ಮುಚ್ಚಳ ಟಪ್ಪೆಂದು ಹಾರಿ, ಎಣ್ಣೆಯ ವಾಸನೆಯ ಜೊತೆಗೆ ಹಸಿರು ಬಣ್ಣದ್ದೊಂದು ನನ್ನ ಮುಖಕ್ಕೆ ನೆಗೆದು, ಮೂಗಿಗೆ ಬಡಿದು, ಕೊರಳಿಗೆ ಜೋತುಬಿತ್ತು. ಹಲ್ಲಿ. ಜೇಜಿಯ ಹಳೆಯ ಹಸಿರು ಸೀರೆಯ ಚಿಂದಿಯಲ್ಲಿ, ನಡುಗುವ ಕೈಯ ದೊಡ್ಡ ದೊಡ್ಡ ಹೊಲಿಗೆ ಹಾಕಿ ಮಾಡಿದ ಹಲ್ಲಿ. ಅದೆಲ್ಲ ನಾನು ನೋಡಿದ್ದು ಆಮೇಲೆ. ಮೊದಲು ಬಂದದ್ದು ಕೂಗು.

"ಹುಚ್ಚಪ್ಯಾಲಿ!"

ಸಿಟ್ಟು ಮುಂದೆ ಇತ್ತು, ನಗು ಹಿಂದೆ ಇತ್ತು. ನನ್ನದೇ ಗಂಟಲಿನಿಂದ ಜೇಜಿ ಕೂಗಿದ್ದಳು. ಕೂಗಿದ ಕೂಡಲೇ, ಕ್ರಮ ತಪ್ಪದಂತೆ, ನಾನು ಥಟ್ಟನೆ ಬಾಗಿಲ ಕಡೆ ತಿರುಗಿದೆ.